ಮನೆ ಯಾರಿಗೆ, ಮಾರ್ಕು ಎಷ್ಟು, ಚೀಟಿಯಲ್ಲಿ ಏನು ಬರೆದಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಲವು ಭಾಷೆ, ಹಲವು ಜನಾಂಗ ಇರುವ ದೇಶಗಳು ಒಳಗೊಳಗೇ ಯಾಕೆ ಹೊಡೆದಾಡುತ್ತವೆ ಅಂತ ಹೋದ ಸಂಚಿಕೆಯಲ್ಲಿ ಸಣ್ಣದಾಗಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಕೆಲವು ಸಿಟ್ಟಿನಲ್ಲಿ ಬರೆದವು, ಕೆಲವು ನಿಜಕ್ಕೂ ನೊಂದು ಬರೆದವು. ಒಂದೇ ಥರದವನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ನೇರವಾಗಿ ಕೇಳುತ್ತೇನೆ. ಭಾಷೆ, ಧರ್ಮ, ಜನಾಂಗ ಹೆಚ್ಚಿದಷ್ಟೂ ಜಗಳ ಹೆಚ್ಚು ಅಲ್ವಾ? ಎಲ್ಲರೂ ಒಂದೇ ಥರ ಇದ್ದರೆ ಹೊಡೆದಾಡಲು ಕಾರಣವೇ ಇರುವುದಿಲ್ಲ.

ಉತ್ತರ: ಹಾಗೆ ಅನ್ನಿಸುವುದು ಸಹಜ. ಆದರೆ ಭೂಪಟ ಹಿಡಿದು ಕೂತರೆ ಲೆಕ್ಕ ತಾಳೆಯಾಗುವುದಿಲ್ಲ. ಸೊಮಾಲಿಯ ನೋಡಿ. ಹೆಚ್ಚುಕಮ್ಮಿ ಎಲ್ಲರ ಭಾಷೆ ಸೊಮಾಲಿ, ಎಲ್ಲರ ಧರ್ಮ ಇಸ್ಲಾಂ. 1991ರಲ್ಲಿ ಅಲ್ಲಿ ಸರ್ಕಾರವೇ ಕುಸಿದು ಬಿತ್ತು, ಕುಲ ಕುಲಗಳು ಬಂದೂಕು ಹಿಡಿದು ನಿಂತವು. ಅದೇ ಕರಾವಳಿಯಲ್ಲಿ ಕೆಳಗೆ ಬಂದರೆ ತಾಂಜಾನಿಯ. 120ಕ್ಕೂ ಹೆಚ್ಚು ಜನಾಂಗಗಳು, ಕ್ರೈಸ್ತರೂ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. 1964ರಲ್ಲಿ ದೇಶ ಒಂದಾದ ಮೇಲೆ ಅಲ್ಲಿ ಅಂತರ್ಯುದ್ಧ ಆಗಿಲ್ಲ.

ಜೇಮ್ಸ್ ಫಿಯರನ್, ಡೇವಿಡ್ ಲೇಟಿನ್ ಎಂಬ ಇಬ್ಬರು ರಾಜಕೀಯ ವಿದ್ವಾಂಸರು 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆ ಕೇಳಿದರು. ಜನಾಂಗ ಜಾಸ್ತಿ ಇದ್ದ ಮಾತ್ರಕ್ಕೆ ಯುದ್ಧದ ಅಪಾಯ ಜಾಸ್ತಿ ಆಗುವುದಿಲ್ಲ, ಬಡತನ ಮತ್ತು ಕೈಲಾಗದ ಸರ್ಕಾರ ಇದ್ದ ಕಡೆ ಜಾಸ್ತಿ ಆಗುತ್ತದೆ ಅಂತ 2003ರಲ್ಲಿ ಬರೆದರು. ಅವರ ಮಾತನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಆದರೆ ಅವರಲ್ಲೂ ಹಲವರು ತಪ್ಪು ಹೊರಿಸುವುದು ವೈವಿಧ್ಯದ ಮೇಲಲ್ಲ. ಒಂದು ಗುಂಪನ್ನು ಅಧಿಕಾರದಿಂದ ಪೂರ್ತಿ ಹೊರಗಿಟ್ಟರೆ ಆ ಗುಂಪು ಬಂಡೇಳುವ ಸಂಭವ ಹೆಚ್ಚು ಅನ್ನುತ್ತಾರೆ.

ನನ್ನ ಭಾಷೆ ಬೇರೆ ಅನ್ನುವುದು ಒಂದು ಸಂಗತಿ. ನನ್ನ ಭಾಷೆ ಬೇರೆ, ಅದಕ್ಕೇ ನನ್ನ ಮಗನಿಗೆ ಕೆಲಸ ಸಿಗಲಿಲ್ಲ ಅನ್ನುವುದು ಪೂರ್ತಿ ಬೇರೆ ಸಂಗತಿ. ಮೊದಲನೆಯದು ಎರಡನೆಯದಾಗಿ ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಅಂತ ಹುಡುಕಬೇಕು. ಮುಂದಿನ ಉತ್ತರಗಳಲ್ಲಿ ನಾನು ಹುಡುಕುವುದು ಅದನ್ನೇ.

ಪ್ರಶ್ನೆ: ಹಾಗಾದರೆ ಶುರು ಎಲ್ಲಿಂದ? ಯಾವುದಾದರೂ ಒಂದು ಕಡೆಯ ಕತೆ ಹೇಳಿ, ಸುಮ್ನೆ ತತ್ವ ಬೇಡ.

ಉತ್ತರ: ಒಂದು ಮನೆಯ ಕತೆ ಹೇಳುತ್ತೇನೆ.

ಉತ್ತರ ಐರ್ಲೆಂಡಿನ ಕ್ಯಾಲಿಡನ್ ಅನ್ನುವ ಹಳ್ಳಿ. 1968ರ ಜೂನ್. ಸ್ಥಳೀಯ ಕೌನ್ಸಿಲ್ ಕಟ್ಟಿಸಿದ ಹೊಸ ಮನೆಗಳು. ಸುತ್ತಮುತ್ತ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಮನೆಗಾಗಿ ಕಾಯುತ್ತಿದ್ದವು. ಕೌನ್ಸಿಲ್ ಒಂದು ಮನೆಯನ್ನು 19 ವರ್ಷದ, ಇನ್ನೂ ಮದುವೆಯಾಗದ ಪ್ರಾಟೆಸ್ಟಂಟ್ ಹುಡುಗಿಗೆ ಕೊಟ್ಟಿತು. ಆಕೆ ಕೆಲಸ ಮಾಡುತ್ತಿದ್ದದ್ದು ಆಳುವ ಪಕ್ಷದ ರಾಜಕಾರಣಿಯಾಗಿದ್ದ ವಕೀಲರೊಬ್ಬರ ಹತ್ತಿರ. ಪಕ್ಕದ ಮನೆಯಲ್ಲಿ ಅನುಮತಿಯಿಲ್ಲದೆ ಸೇರಿಕೊಂಡಿದ್ದ ಒಂದು ಕ್ಯಾಥೊಲಿಕ್ ಕುಟುಂಬವನ್ನು ಮಕ್ಕಳ ಸಮೇತ ಹೊರಗೆ ಹಾಕಿದರು, ಅದು ಟೀವಿಯಲ್ಲೂ ಬಂತು. ಎರಡು ದಿನ ಕಳೆದ ಮೇಲೆ ಆಸ್ಟಿನ್ ಕರಿ ಎಂಬ ಯುವ ಶಾಸಕ ಆ ಹುಡುಗಿಗೆ ಕೊಟ್ಟ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತರು. ಪೊಲೀಸರು ಅವರನ್ನು ಎಳೆದು ಹೊರಗೆ ತಂದರು.

ಒಂದು ಮನೆಗೆ ಇಷ್ಟು ಗಲಾಟೆಯಾ ಅಂತ ನಿಮಗೆ ಅನ್ನಿಸಬಹುದು. ಆಗ ಅಲ್ಲಿ ಕೌನ್ಸಿಲ್ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಮತ ಇರಲಿಲ್ಲ. ಮನೆಯ ಹೆಸರಿನಲ್ಲಿ ತೆರಿಗೆ ಕಟ್ಟುವವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಮಾತ್ರ ಮತ. ಅಪ್ಪನ ಮನೆಯಲ್ಲೇ ಇರುವ ದೊಡ್ಡ ಮಗನಿಗೆ ಇಲ್ಲ, ಬಾಡಿಗೆಗೆ ಒಂದು ಕೋಣೆ ಹಿಡಿದವನಿಗೂ ಇಲ್ಲ. ಅಂದರೆ ಒಂದು ಮನೆ ಕೊಟ್ಟರೆ ಎರಡು ಮತ ಕೊಟ್ಟ ಹಾಗೆ. ಕೌನ್ಸಿಲ್ ಕೈಯಲ್ಲಿದ್ದವರು ಎದುರಿನವರಿಗೆ ಮನೆ ಕೊಡಲು ಯಾಕೆ ಹಿಂದೆಮುಂದೆ ನೋಡುತ್ತಿದ್ದರು ಅಂತ ಈಗ ಗೊತ್ತಾಯಿತಲ್ಲ? ಡೆರಿ ನಗರದಲ್ಲಿ ಕ್ಯಾಥೊಲಿಕರೇ ಬಹುಮತದಲ್ಲಿದ್ದರೂ ವಾರ್ಡ್‌ಗಳ ಗೆರೆಯನ್ನು ಎಷ್ಟು ಚೆನ್ನಾಗಿ ಎಳೆದಿದ್ದರೆಂದರೆ ಕೌನ್ಸಿಲಿನಲ್ಲಿ ಅವರ ಕಡೆಗೆ 8 ಸೀಟು, ಬ್ರಿಟನ್ ಜೊತೆಗೇ ಇರಬೇಕು ಅನ್ನುವ, ಹೆಚ್ಚಾಗಿ ಪ್ರಾಟೆಸ್ಟಂಟರಾದ ಯೂನಿಯನಿಸ್ಟರ ಕಡೆಗೆ 12.

ಆ ವರ್ಷ ಆಗಸ್ಟಿನಲ್ಲಿ ಮೊದಲ ಹಕ್ಕುಗಳ ಮೆರವಣಿಗೆ ನಡೆಯಿತು. ಅಕ್ಟೋಬರ್ 5ರಂದು ಡೆರಿಯಲ್ಲಿ ಇನ್ನೊಂದು. ಕೇಳಿದ್ದು ಮನೆ ಹಂಚಿಕೆಯಲ್ಲಿ ನ್ಯಾಯ, ಒಬ್ಬನಿಗೆ ಒಂದು ಮತ, ಅಷ್ಟೇ. ಪೊಲೀಸರು ಲಾಠಿ ಬೀಸಿದರು. ಮುಂದಿನ ವರ್ಷ ಬೀದಿಗೆ ಸೈನ್ಯ ಬಂತು. 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದ ಆಗುವ ಹೊತ್ತಿಗೆ ಸುಮಾರು 3,500 ಜನ ಸತ್ತಿದ್ದರು. ಹೊರಗಿನವರು ಇದನ್ನು ಕ್ಯಾಥೊಲಿಕ್–ಪ್ರಾಟೆಸ್ಟಂಟ್ ಜಗಳ ಅನ್ನುತ್ತಾರೆ. ಆದರೆ ಬೈಬಲ್ಲಿನ ಯಾವ ವಾಕ್ಯದ ಅರ್ಥಕ್ಕೂ ಅಲ್ಲಿ ಯಾರೂ ಬಡಿದಾಡಿರಲಿಲ್ಲ. ಐರ್ಲೆಂಡ್ ಜೊತೆ ಸೇರಬೇಕಾ, ಬ್ರಿಟನ್ ಜೊತೆ ಇರಬೇಕಾ ಅನ್ನುವ ಹಳೆಯ ಪ್ರಶ್ನೆ ಒಳಗೆ ಕೂತಿತ್ತು, ಅದನ್ನು ದಿನದಿನಕ್ಕೂ ಬೆಳೆಸಿದ್ದು ಮನೆ, ಕೆಲಸ, ಮತ.

ಪ್ರಶ್ನೆ: ಒಂದು ದೇಶಕ್ಕೆ ಒಂದು ಅಧಿಕೃತ ಭಾಷೆ ಅಂದರೆ ಅದರಲ್ಲಿ ತಪ್ಪೇನಿದೆ? ಬಹುಮತದವರ ಭಾಷೆಯೇ ಆಗಬೇಕು ಅನ್ನುವುದು ಪ್ರಜಾಪ್ರಭುತ್ವ ತಾನೇ?

ಉತ್ತರ: ಈ ಪ್ರಶ್ನೆ ಅತಿ ಹೆಚ್ಚು ಪತ್ರಗಳಲ್ಲಿತ್ತು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಶ್ರೀಲಂಕಾದ ಕತೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸಿದರೆ ಅನ್ಯಾಯವಾಗುತ್ತದೆ.

ಸ್ವಾತಂತ್ರ್ಯ ಬಂದಾಗ ಅಲ್ಲಿ ಆಡಳಿತ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದು ಬರುತ್ತಿದ್ದದ್ದು ಬೆರಳೆಣಿಕೆ ಜನಕ್ಕೆ. ಜನರ ಭಾಷೆಯಲ್ಲಿ ಸರ್ಕಾರ ನಡೆಯಲಿ ಅನ್ನುವ ಬೇಡಿಕೆ ನ್ಯಾಯವಾದದ್ದೇ, ಮೊದಲಿಗೆ ಅದರಲ್ಲಿ ಸಿಂಹಳ, ತಮಿಳು ಎರಡೂ ಇದ್ದವು. 1956ರ ಚುನಾವಣೆಯಲ್ಲಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ, ಗೆದ್ದರೆ 24 ಗಂಟೆಯಲ್ಲಿ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡುತ್ತೇನೆ ಅಂದರು. ಗೆದ್ದರು. ಕಾನೂನೂ ಬಂತು. ತಮಿಳು ಮಾತಾಡುವ ಸರ್ಕಾರಿ ನೌಕರನಿಗೆ ಕೆಲಸ ಉಳಿಯಬೇಕಾದರೆ, ಬಡ್ತಿ ಬೇಕಾದರೆ ಸಿಂಹಳ ಪರೀಕ್ಷೆ ಪಾಸಾಗಬೇಕಾಯಿತು. ನಲವತ್ತು ವರ್ಷದ ಗುಮಾಸ್ತ ಮಕ್ಕಳ ಥರ ಅಕ್ಷರ ತಿದ್ದಲು ಕೂರಬೇಕು ಅಂದರೆ ಅವನಿಗೆ ಹೇಗಾಗಿರಬೇಡ?

ಮುಖ್ಯವಾದದ್ದು ಇದರ ನಂತರ ನಡೆದದ್ದು. ತಪ್ಪು ಬಂಡಾರನಾಯಕೆಗೇ ಅರ್ಥವಾಯಿತು. 1957ರ ಜುಲೈಯಲ್ಲಿ ತಮಿಳು ನಾಯಕ ಚೆಲ್ವನಾಯಕಂ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಉತ್ತರ ಮತ್ತು ಪೂರ್ವದ ಆಡಳಿತಕ್ಕೆ ತಮಿಳು, ಪ್ರಾದೇಶಿಕ ಮಂಡಳಿಗಳು, ಹೀಗೆ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ವಿರೋಧ ಪಕ್ಷಕ್ಕೆ ಅದು ಸಿಕ್ಕಿದ ಅವಕಾಶವಾಯಿತು. ಬಂಡಾರನಾಯಕೆ ದೇಶ ಮಾರಿದರು ಅಂತ ಜೆ.ಆರ್. ಜಯವರ್ಧನೆ ಕ್ಯಾಂಡಿಯ ಕಡೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕೂತರು. ಪ್ರಧಾನಿ ಹೊರಗೆ ಬಂದು ಒಪ್ಪಂದ ರದ್ದು ಅಂದರು. ಮರುತಿಂಗಳು ಗಲಭೆ. 1959ರ ಸೆಪ್ಟೆಂಬರಿನಲ್ಲಿ ಅದೇ ಮನೆಯಲ್ಲಿ ಒಬ್ಬ ಭಿಕ್ಷುವೇ ಅವರಿಗೆ ಗುಂಡು ಹಾರಿಸಿದ.

ಆ 1958ರದ್ದೇ ಒಂದು ಸಣ್ಣ ವಿವರ. ವಾಹನಗಳ ನಂಬರ್ ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರದ ಬದಲು ಸಿಂಹಳ ಲಿಪಿಯ 'ಶ್ರೀ' ಬಂತು. ಆ ಪ್ಲೇಟಿನ ಸರ್ಕಾರಿ ಬಸ್ಸುಗಳು ತಮಿಳರ ಉತ್ತರಕ್ಕೆ ಹೋದಾಗ ಅಲ್ಲಿಯವರು ಆ ಅಕ್ಷರಕ್ಕೆ ಡಾಂಬರು ಬಳಿದರು. ದಕ್ಷಿಣದಲ್ಲಿ ತಮಿಳು ಬೋರ್ಡುಗಳಿಗೆ ಡಾಂಬರು ಬಿತ್ತು. ಒಂದೇ ಒಂದು ಅಕ್ಷರ. ಎರಡು ಭಾಷೆಯಲ್ಲೂ ಅದರ ಅರ್ಥ ಒಂದೇ, ಶುಭ ಅಂತ.

ಮುಂದೆ 1971ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಭಾಷೆ ನೋಡಿ ಅಂಕ ನಿಗದಿ ಮಾಡಿದರು. ವೈದ್ಯಕೀಯ ಸೀಟಿಗೆ ಸಿಂಹಳ ಮಾಧ್ಯಮದವರಿಗೆ 400ಕ್ಕೆ 229 ಸಾಕು, ತಮಿಳು ಮಾಧ್ಯಮದವರಿಗೆ 250 ಬೇಕು. 240 ತೆಗೆದುಕೊಂಡು ಮನೆಗೆ ಬಂದ ಹುಡುಗನಿಗೆ ಆಮೇಲೆ ಯಾವ ನಾಯಕನ ಭಾಷಣವೂ ಬೇಕಾಗುವುದಿಲ್ಲ. 1981ರಲ್ಲಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು, ಓಲೆಗರಿ ಪ್ರತಿಗಳೂ ಸೇರಿ ಸುಮಾರು 97,000 ಪುಸ್ತಕ ಸುಟ್ಟುಹೋದವು. 1983ರ ಜುಲೈಯಿಂದ 2009ರ ಮೇವರೆಗೆ ಯುದ್ಧ. ತಮಿಳೂ ಅಧಿಕೃತ ಭಾಷೆ ಅಂತ ಸಂವಿಧಾನಕ್ಕೆ ತಿದ್ದುಪಡಿ ಬಂದದ್ದು 1987ರಲ್ಲಿ. 1956ರಲ್ಲೇ ಬಂದಿದ್ದರೆ ಅಂತ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಸಿಂಹಳ ಹುಡುಗರಿಗಾದರೂ ಇದರಿಂದ ಒಳ್ಳೆಯದಾಯಿತಾ? ಅದೇ 1971ರಲ್ಲಿ ದಕ್ಷಿಣದ ಹಳ್ಳಿಗಳ ಓದಿದ, ಕೆಲಸವಿಲ್ಲದ ಸಿಂಹಳ ಯುವಕರು ತಮ್ಮದೇ ಸರ್ಕಾರದ ಮೇಲೆ ದಂಗೆ ಎದ್ದು ಸಾವಿರಾರು ಜನ ಸತ್ತರು. ಕಾನೂನು ಅವರ ಭಾಷೆಗೆ ಪಟ್ಟ ಕಟ್ಟಿತ್ತು, ಅವರಿಗೆ ಕೆಲಸ ಹುಟ್ಟಿಸಿರಲಿಲ್ಲ.

ಹೋಲಿಕೆಗೆ ಒಂದು ಮಾತು: ಅದೇ 1956ರಲ್ಲಿ ಭಾರತ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಮರುವಿಂಗಡಿಸಿತು. ದೇಶ ಒಡೆದೇ ಹೋಗುತ್ತದೆ ಅಂತ ಹೆದರಿದವರು ಬಹಳ ಇದ್ದರು. ಒಡೆಯಲಿಲ್ಲ. ಪಾಕಿಸ್ತಾನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಭಾಷೆ ಬಂಗಾಳಿ ಆಗಿದ್ದರೂ 1948ರಲ್ಲಿ ಢಾಕಾಕ್ಕೆ ಬಂದ ಜಿನ್ನಾ ಉರ್ದು ಒಂದೇ ಅಂದರು, 1952ರ ಫೆಬ್ರವರಿ 21ರಂದು ಅಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರಲ್ಲಿ ಬಂಗಾಳಿಯನ್ನು ಒಪ್ಪಿಕೊಂಡರು, ಆದರೆ ಅಧಿಕಾರ ಬಿಡಲಿಲ್ಲ. 1970ರ ಚುನಾವಣೆಯಲ್ಲಿ 300 ಸೀಟಿನಲ್ಲಿ 160 ಗೆದ್ದ ಪಕ್ಷವನ್ನು ಆಳಲು ಬಿಡದೆ ಸೈನ್ಯ ಕಳಿಸಿದರು. ಮುಂದಿನದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನನಗೆ ಅರ್ಥವಾಗದ ವಿಷಯ ಒಂದೇ. ವರ್ಷಗಟ್ಟಲೆ ಅಕ್ಕಪಕ್ಕದಲ್ಲಿ ಇದ್ದವರು, ಒಬ್ಬರ ಮದುವೆಗೆ ಇನ್ನೊಬ್ಬರು ಹೋದವರು ದಿನ ಬೆಳಗಾಗುವುದರಲ್ಲಿ ಕೊಲ್ಲಲು ಹೇಗೆ ಎದ್ದು ನಿಲ್ಲುತ್ತಾರೆ? ಒಳಗೇ ದ್ವೇಷ ಇತ್ತು ಅಂತ ತಾನೇ ಅರ್ಥ?

ಉತ್ತರ: ದಿನ ಬೆಳಗಾಗುವುದರಲ್ಲಿ ಅನ್ನುವುದು ದೂರದಿಂದ ನೋಡುವವರ ಮಾತು.

ರುವಾಂಡದಲ್ಲಿ ಹುಟು, ಟುಟ್ಸಿ ಇಬ್ಬರ ಭಾಷೆಯೂ ಕಿನ್ಯರ್ವಾಂಡ. ಬಹುತೇಕ ಇಬ್ಬರೂ ಕ್ರೈಸ್ತರು. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕ ಮನೆ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತದವರು ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟರು, ಅದರಲ್ಲಿ ನೀನು ಹುಟು, ನೀನು ಟುಟ್ಸಿ, ನೀನು ಟ್ವಾ ಅಂತ ಬರೆದರು. ಅದಕ್ಕೆ ಮೊದಲೂ ಈ ಹೆಸರುಗಳಿದ್ದವು, ಮೇಲುಕೀಳೂ ಇತ್ತು. ಆದರೆ ಈಗ ಅದು ಅಪ್ಪನಿಂದ ಮಗನಿಗೆ ಬರುವ, ಅಳಿಸಲಾಗದ ಶಾಯಿಯ ಬರಹವಾಯಿತು. ಮೊದಲು ಟುಟ್ಸಿಗಳಿಗೆ ಶಾಲೆ, ಹುದ್ದೆ ಕೊಟ್ಟು ಬೆಳೆಸಿದರು. 1959ರ ಹೊತ್ತಿಗೆ ಹುಟುಗಳ ಪಕ್ಷ ಹಿಡಿದರು. 1962ರಲ್ಲಿ ಸ್ವಾತಂತ್ರ್ಯ ಬಂತು. ಚೀಟಿ ಹಾಗೇ ಉಳಿಯಿತು.

1994ರಲ್ಲಿ ಹುಟು ಉಗ್ರರು ಟುಟ್ಸಿಗಳನ್ನು ಕೊಲ್ಲತೊಡಗಿದಾಗ ರಸ್ತೆ ತಡೆಗಳಲ್ಲಿ ಕೇಳಿದ್ದು ಆ ಚೀಟಿಯನ್ನೇ. ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ, ಅದಕ್ಕೇ ಚೀಟಿ ಬೇಕಾಯಿತು. ಸುಮಾರು ನೂರು ದಿನದಲ್ಲಿ ಸತ್ತವರು ಹತ್ತಿರ ಹತ್ತಿರ 8 ಲಕ್ಷ. ಅದಕ್ಕೆ ತಯಾರಿ ಬಹಳ ದಿನದಿಂದ ನಡೆದಿತ್ತು. ಇಂಟೆರಾಹಂವೆ ಎಂಬ ಪಡೆಗೆ ತರಬೇತಿ, ಮಚ್ಚುಗಳ ಆಮದು, 1993ರಲ್ಲಿ ಶುರುವಾದ ಒಂದು ರೇಡಿಯೊ. ಆ ರೇಡಿಯೊದಲ್ಲಿ ಚೆಂದದ ಸಂಗೀತ ಬರುತ್ತಿತ್ತು, ನಡುನಡುವೆ ಟುಟ್ಸಿಗಳನ್ನು ಜಿರಳೆ ಅನ್ನುತ್ತಿದ್ದರು. ದಿನಾ ಕೇಳಿದರೆ ಕಿವಿ ಒಗ್ಗಿಹೋಗುತ್ತದೆ.

ಇನ್ನೊಂದನ್ನು ದಯವಿಟ್ಟು ನೆನಪಿಡಿ. ಈ ಕೊಲೆಗಳಿಗೆ ನೆಪವಾದ, ರುವಾಂಡದ ಅಧ್ಯಕ್ಷರ ವಿಮಾನ ಬಿದ್ದದ್ದು ಏಪ್ರಿಲ್ 6ರ ರಾತ್ರಿ. ಮರುದಿನ ಬೆಳಿಗ್ಗೆ ಕೊಂದವರಲ್ಲಿ ಪ್ರಧಾನಿ ಅಗಾತ್ ಉವಿಲಿಂಗಿಯಿಮಾನ ಒಬ್ಬರು. ಆಕೆ ಹುಟು. ಹಂಚಿಕೊಂಡು ಆಳೋಣ ಅಂದ ಹುಟು ನಾಯಕರನ್ನು ಮೊದಲೇ ಮುಗಿಸಿದರು. ಎಲ್ಲರ ಒಳಗೂ ದ್ವೇಷ ಇದ್ದಿದ್ದರೆ ಅದರ ಅಗತ್ಯವೇ ಇರಲಿಲ್ಲ ಅಲ್ವಾ?

ಬೋಸ್ನಿಯದ ರಾಜಧಾನಿ ಸರಾಯೆವೊದಲ್ಲೂ ಹಾಗೆಯೇ. ಸರ್ಬ್, ಕ್ರೊಯಾಟ್, ಮುಸ್ಲಿಂ ಮನೆಗಳ ನಡುವೆ ಮದುವೆಗಳು ಮಾಮೂಲಿಯಾಗಿದ್ದ ಊರು ಅದು. 1992ರ ಏಪ್ರಿಲ್‌ನಲ್ಲಿ ಯುದ್ಧ ಬೇಡ ಅಂತ ಸಾವಿರಾರು ಜನ ಒಟ್ಟಾಗಿ ಬೀದಿಗೆ ಬಂದರು. ಹೋಟೆಲೊಂದರಲ್ಲಿ ಅಡಗಿದ್ದ ಬಂದೂಕುಧಾರಿಗಳು ಆ ಗುಂಪಿನ ಮೇಲೆ ಗುಂಡು ಹಾರಿಸಿದರು. ಜನ ಬಹಳ ಇದ್ದರು, ಬಂದೂಕು ಇದ್ದದ್ದು ಕೆಲವರ ಕೈಯಲ್ಲಿ. ಅದಾದ ಮೇಲೆ ಭಯ ಶುರು. ಅವನು ಹೊಡೆಯುವ ಮೊದಲು ನಾನು ಹೊಡೆಯಬೇಕು ಅನ್ನುವ ಭಯ ಒಳ್ಳೆಯವರನ್ನೂ ತಮ್ಮ ತಮ್ಮ ಗುಂಪಿನ ಒಳಗೆ ತಳ್ಳುತ್ತದೆ. ನನ್ನ ಪ್ರಕಾರ ದ್ವೇಷಕ್ಕಿಂತ ಈ ಭಯವೇ ಜಾಸ್ತಿ ಜನರನ್ನು ಕೊಂದಿದೆ.

ಪ್ರಶ್ನೆ: ಬಡತನವೇ ಮೂಲ ಅಂತ ಕೆಲವರು, ರಾಜಕಾರಣಿಗಳೇ ಮೂಲ ಅಂತ ಕೆಲವರು. ಯಾವುದು ಸರಿ?

ಉತ್ತರ: ಎರಡೂ, ಆದರೆ ಒಟ್ಟಿಗೆ ಬಂದಾಗ. ಯುಗೊಸ್ಲಾವಿಯವನ್ನು ದಶಕಗಟ್ಟಲೆ ಆಳಿದ ಟಿಟೊ 1980ರಲ್ಲಿ ತೀರಿಕೊಂಡಾಗ ಆ ದೇಶದ ಮೇಲೆ ದೊಡ್ಡ ವಿದೇಶಿ ಸಾಲ ಇತ್ತು. 1989ರ ಹೊತ್ತಿಗೆ ಬೆಲೆಗಳು ವರ್ಷಕ್ಕೆ ಹತ್ತು ಪಟ್ಟಿಗಿಂತ ಜಾಸ್ತಿ ಏರುತ್ತಿದ್ದವು. ಸಂಬಳ ಕೈಗೆ ಬರುವಷ್ಟರಲ್ಲಿ ಅದರ ಬೆಲೆ ಹೋಗಿರುತ್ತಿತ್ತು. ಕೆಲಸ ಹೋದವನು ಯಾರಿಂದ ಹೀಗಾಯಿತು ಅಂತ ಕೇಳುತ್ತಾನೆ. ಸಾಲ, ಬಡ್ಡಿ, ಆಡಳಿತದ ತಪ್ಪು ಇದೆಲ್ಲ ವಿವರಿಸಲು ಗಂಟೆಗಟ್ಟಲೆ ಬೇಕು. ಅವರಿಂದ ಅಂತ ಪಕ್ಕದ ಜನಾಂಗಕ್ಕೆ ಬೆರಳು ತೋರಿಸಲು ಒಂದು ನಿಮಿಷ ಸಾಕು. ಸರ್ಬಿಯದಲ್ಲಿ ಮಿಲೊಸೆವಿಚ್ ಆ ಒಂದು ನಿಮಿಷದ ಉತ್ತರ ಕೊಟ್ಟು ಮೇಲೆ ಬಂದರು, ಕ್ರೊಯೇಷಿಯದಲ್ಲಿ ಅದಕ್ಕೆ ಎದುರು ಅಂಥದ್ದೇ ಉತ್ತರ ಕೊಡುವವರು ಗೆದ್ದರು. ಬಡ ದೇಶಗಳೆಲ್ಲ ಹೊಡೆದಾಡುವುದಿಲ್ಲ. ಇಬ್ಬರೂ ಬಡವರಾಗಿದ್ದರೆ ನೋವು ಒಂದೇ. ಒಂದು ಗುಂಪು ಮಾತ್ರ ಹಿಂದೆ ಬೀಳುತ್ತಿದೆ ಅಂತ ಕಣ್ಣಿಗೆ ಕಂಡಾಗ ನೋವಿಗೆ ಇನ್ನೊಬ್ಬರ ಹೆಸರು ಅಂಟಿಕೊಳ್ಳುತ್ತದೆ.

ಪ್ರಶ್ನೆ: ಚುನಾವಣೆ ನಡೆದರೆ ಜಗಳ ಕಮ್ಮಿ ಆಗಬೇಕು. ಎಷ್ಟೋ ಕಡೆ ಚುನಾವಣೆಯಿಂದಲೇ ಶುರುವಾಗುತ್ತದಲ್ಲ?

ಉತ್ತರ: ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ ಅಂತ ಆದಾಗ ಹಾಗಾಗುತ್ತದೆ. ಕೆನ್ಯಾದಲ್ಲಿ ಅಧ್ಯಕ್ಷರ ಕೈಯಲ್ಲೇ ಜಮೀನು, ಹುದ್ದೆ, ರಸ್ತೆ ಎಲ್ಲ ಇತ್ತು. ನಮ್ಮವನು ಗೆಲ್ಲದಿದ್ದರೆ ಐದು ವರ್ಷ ನಮಗೆ ಏನೂ ಇಲ್ಲ ಅಂತ ಜನ ನಂಬಿದ್ದರು. 2007ರ ಡಿಸೆಂಬರ್ ಚುನಾವಣೆಯ ಎಣಿಕೆ ಬಗ್ಗೆ ಅನುಮಾನ ಎದ್ದಿತು, ಫಲಿತಾಂಶ ಹೇಳಿದ ಸ್ವಲ್ಪ ಹೊತ್ತಿನಲ್ಲೇ, ಸಂಜೆಗತ್ತಲಲ್ಲಿ ಆಗಿನ ಅಧ್ಯಕ್ಷ ಕಿಬಾಕಿ ಮತ್ತೆ ಪ್ರಮಾಣವಚನವನ್ನೂ ತೆಗೆದುಕೊಂಡರು. 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. 2010ರಲ್ಲಿ ಹೊಸ ಸಂವಿಧಾನ ಬಂದು 47 ಕೌಂಟಿಗಳಿಗೆ ಹಣ, ಅಧಿಕಾರ ಹಂಚಿತು. ಅಧ್ಯಕ್ಷರಾಗಬೇಕಾದವರು ಅರ್ಧಕ್ಕಿಂತ ಹೆಚ್ಚು ಕೌಂಟಿಗಳಲ್ಲಿ ಕಾಲು ಭಾಗ ಮತವನ್ನಾದರೂ ಪಡೆಯಬೇಕು. ಇಂಥ ನಿಯಮ ನೈಜೀರಿಯದಲ್ಲಿ 1979ರಿಂದಲೇ ಇದೆ, ಬಿಯಾಫ್ರ ಎಂಬ ಭಾಗ ಬೇರೆಯಾಗಲು ಹೊರಟಾಗ ನಡೆದ ಅಂತರ್ಯುದ್ಧದ ಪೆಟ್ಟು ತಿಂದ ಮೇಲೆ ಕಲಿತದ್ದು. ಬೇರೆ ಜನಾಂಗದ ಊರಿಗೂ ಹೋಗಿ ಕೈಮುಗಿದು ಮತ ಕೇಳಲೇಬೇಕು. ಇದರಿಂದ ಎಲ್ಲ ಸರಿಹೋಗಿಲ್ಲ, ಆದರೆ ನನಗೆ ಇಷ್ಟವಾದ ನಿಯಮ ಇದು.

ಪ್ರಶ್ನೆ: ಅಷ್ಟೆಲ್ಲ ಯಾಕೆ, ಇಷ್ಟು ಸೀಟು ಇವರಿಗೆ, ಇಷ್ಟು ಅವರಿಗೆ ಅಂತ ಬರೆದುಬಿಟ್ಟರೆ ಆಯಿತಲ್ಲ?

ಉತ್ತರ: ಬರೆಯಬಹುದು. ಯುದ್ಧ ನಿಲ್ಲಿಸಲು ಅದು ಎಷ್ಟೋ ಸಲ ಬೇಕೇ ಬೇಕು. ಆದರೆ ಬರೆದದ್ದನ್ನು ತಿದ್ದುವುದು ಕಷ್ಟ. ಲೆಬನಾನಿನಲ್ಲಿ ಅಧ್ಯಕ್ಷ ಮೆರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಷಿಯಾ ಅನ್ನುವ ಏರ್ಪಾಡು. ಹಂಚಿಕೆಗೆ ಆಧಾರವಾಗಿದ್ದದ್ದು 1932ರ ಜನಗಣತಿ, ಅದಾದ ಮೇಲೆ ಅಲ್ಲಿ ಅಂಥ ಗಣತಿಯೇ ನಡೆದಿಲ್ಲ, ಎಣಿಸಿದರೆ ಪಾಲು ಬದಲಾಗುತ್ತದೆ ಅನ್ನುವ ಹೆದರಿಕೆಯಿಂದ. ಬೋಸ್ನಿಯದಲ್ಲಿ 1995ರ ಡೇಟನ್ ಒಪ್ಪಂದದ ಪ್ರಕಾರ ಮೂರು ಜನ ಅಧ್ಯಕ್ಷರು: ಒಬ್ಬ ಬೋಸ್ನಿಯಾಕ್, ಒಬ್ಬ ಸರ್ಬ್, ಒಬ್ಬ ಕ್ರೊಯಾಟ್. ರೋಮಾ ಸಮುದಾಯದ ದೆರ್ವೊ ಸೆಜ್ಡಿಚ್, ಯಹೂದಿ ಸಮುದಾಯದ ಯಾಕೊಬ್ ಫಿಂಚಿ ಇಬ್ಬರೂ, ನಾವು ಈ ದೇಶದವರೇ, ನಮಗೆ ನಿಲ್ಲಲು ಯಾಕೆ ಹಕ್ಕಿಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರ ಡಿಸೆಂಬರಿನಲ್ಲಿ ಗೆದ್ದರು. ಆ ತೀರ್ಪನ್ನು ಜಾರಿಗೆ ತರದೆ ವರ್ಷಗಟ್ಟಲೆ ಎಳೆದರು.

ಸ್ವಿಟ್ಜರ್ಲೆಂಡ್ ಬೇರೆ ದಾರಿ ಹಿಡಿಯಿತು. ಬರ್ನ್ ಪ್ರಾಂತದಲ್ಲಿದ್ದ ಫ್ರೆಂಚ್ ಮಾತಾಡುವ ಜೂರಾ ಜನ ಬಹಳ ವರ್ಷ ಅಸಮಾಧಾನದಲ್ಲಿದ್ದರು. ಹಳ್ಳಿ ಹಳ್ಳಿಯ ಮತ ಕೇಳಿ, ಹೋಗಬೇಕು ಅಂದವರಿಗೆ 1979ರಲ್ಲಿ ಬೇರೆ ಪ್ರಾಂತ ಮಾಡಿಕೊಟ್ಟರು. ಉಳಿಯಬೇಕು ಅಂದ ಊರುಗಳು ಉಳಿದವು. ಗೆರೆ ತಿದ್ದಲು ಅವಕಾಶ ಇದ್ದುದರಿಂದ ಗೆರೆಗಾಗಿ ಯುದ್ಧ ಆಗಲಿಲ್ಲ.

ಪ್ರಶ್ನೆ: ಇದೆಲ್ಲ ಸರ್ಕಾರ, ಸಂವಿಧಾನದ ಮಾತು. ನನ್ನಂಥ ಒಬ್ಬ ಅಪ್ಪ, ಒಬ್ಬ ಅಮ್ಮ ಏನು ಮಾಡಬಹುದು? ಮೊದಲೇ ಗೊತ್ತಾಗುವ ಲಕ್ಷಣ ಏನಾದರೂ ಇದೆಯಾ?

ಉತ್ತರ: ಮಾತನ್ನು ಗಮನಿಸಿ. ಜನರನ್ನು ಹುಳ, ರೋಗ ಅನ್ನಲು ಶುರು ಮಾಡಿದಾಗ, ಆ ಸಂದೇಶವನ್ನು ನಿಮ್ಮ ಸ್ವಂತ ಬಂಧುವೇ ಕಳಿಸಿದ್ದರೂ, ಅಲ್ಲೇ ನಿಲ್ಲಿಸಿ. ಪೊಲೀಸ್ ಯಾರು ಅಂತ ನೋಡಿ. ಉತ್ತರ ಐರ್ಲೆಂಡಿನ ಹಳೆಯ ಪೊಲೀಸ್ ಪಡೆಯಲ್ಲಿ ಕ್ಯಾಥೊಲಿಕರು ನೂರಕ್ಕೆ ಎಂಟು ಇದ್ದರು, 2001ರಿಂದ ಹತ್ತು ವರ್ಷ ಅರ್ಧರ್ಧ ನೇಮಕಾತಿ ಮಾಡಿ ಅದನ್ನು ಮೂವತ್ತರ ಹತ್ತಿರ ತಂದರು. ಅಷ್ಟಾದ ಮೇಲೆ ತೊಂದರೆ ಬಂದಾಗ ಠಾಣೆಗೆ ಹೋಗಬಹುದು ಅಂತ ಇನ್ನಷ್ಟು ಜನಕ್ಕೆ ಅನ್ನಿಸಿತು.

ಅಪ್ಪ ಅಮ್ಮ ಏನು ಮಾಡಬಹುದು ಅಂತ ಕೇಳಿದಿರಿ. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನಲ್ಲಿ ಎರಡೂ ಕಡೆಯ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದರು. ಹದಿನೆಂಟು ವರ್ಷ ತುಂಬುವವರೆಗೆ ಆ ಕಡೆಯ ಒಬ್ಬ ಸ್ನೇಹಿತನೂ ಇಲ್ಲದೆ ಬೆಳೆದವರಿದ್ದರು. 1981, ಜೈಲಿನಲ್ಲಿ ಉಪವಾಸ ಕೂತ ಹತ್ತು ಕೈದಿಗಳು ಸತ್ತ ವರ್ಷ, ಊರೇ ಕುದಿಯುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಕೆಲವು ಅಪ್ಪ ಅಮ್ಮಂದಿರು ಸರ್ಕಾರದ ದುಡ್ಡಿಗೆ ಕಾಯದೆ ಲಗನ್ ಕಾಲೇಜ್ ಅಂತ ಒಂದು ಶಾಲೆ ತೆರೆದರು. ಒಂದು ಸ್ಕೌಟ್ ಕೇಂದ್ರದಲ್ಲಿ ಪಾಠ. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಸೇರಿ ಮೊದಲ ದಿನ ಬಂದವರು 28 ಮಕ್ಕಳು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದಾರೆ.